ಆಲೆಮನೆಯ ಬೆಲ್ಲ, ಐದು ರಿಪೋರ್ಟು

ಕೋವಿಡ್ ಬರುವುದಕ್ಕೆ ಮೂರು ವರ್ಷ ಮೊದಲಿನ ಮಾತು. ಪಾಂಡವಪುರದ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ನಾನು ಸೀನಿಯರ್ ಲ್ಯಾಬ್ ಟೆಕ್ನೀಷಿಯನ್ ಆಗಿದ್ದೆ. ಸೀನಿಯರ್ ಎಂದರೆ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ನನ್ನ ಕೈಕೆಳಗೆ ಇದ್ದದ್ದು ಒಂದು ಮೈಕ್ರೋಸ್ಕೋಪು, ಒಂದು ಸೆಂಟ್ರಿಫ್ಯೂಜು, ಮನಸ್ಸು ಬಂದಾಗ ಮಾತ್ರ ಓಡುವ ಒಂದು ಫ್ರಿಜ್ಜು. ನಾಗಮಂಗಲದಲ್ಲಿ ಹುಟ್ಟಿದವನು ಡಿಪ್ಲೊಮಾ ಮುಗಿಸಿ ಆ ಲ್ಯಾಬಿಗೆ ಬಂದೆ, ಇಪ್ಪತ್ತೆಂಟು ವರ್ಷ ಅಲ್ಲೇ ಕಳೆದೆ, ನಿವೃತ್ತಿಯೂ ಅಲ್ಲೇ ಆಯಿತು. ನನಗೆ ಸಿಟ್ಟು ಬೇಗ. ಚೀಟಿ ಮರೆತು ಬಂದವರಿಗೆ, ಬರಿ ಹೊಟ್ಟೆಯಲ್ಲಿ ಬನ್ನಿ ಅಂದರೆ ಇಡ್ಲಿ ತಿಂದು ಬಂದವರಿಗೆ ಬೈಯುತ್ತಿದ್ದೆ. ಬೈದ ಮೇಲೆ ಕೆಲಸವನ್ನು ಮಾತ್ರ ಅಚ್ಚುಕಟ್ಟಾಗಿ ಮಾಡಿಕೊಡುತ್ತೇನೆ ಎನ್ನುವ ಹಮ್ಮು ನನಗಿತ್ತು. ಆ ಹಮ್ಮು ಇಳಿದುಹೋದ ಕಥೆ ಇದು.

ಮಕ್ಕಳಾಗದ ದಂಪತಿಗಳು ಕೆ.ಆರ್. ಪೇಟೆಯಿಂದ, ಕಿಕ್ಕೇರಿಯಿಂದ, ಶ್ರೀರಂಗಪಟ್ಟಣದಿಂದ ನಮ್ಮಲ್ಲಿಗೆ ಬರುತ್ತಿದ್ದರು. ಹೆಂಗಸಿನ ಪರೀಕ್ಷೆಗಳು ಹತ್ತಾರು. ಗಂಡಸಿಗೆ ಮುಖ್ಯವಾಗಿ ಒಂದೇ: ವೀರ್ಯ ಪರೀಕ್ಷೆ. ಆ ಒಂದಕ್ಕೆ ಅವರನ್ನು ಕರೆತರುವಷ್ಟರಲ್ಲಿ ಹೆಂಡತಿಯರ ಹೆಣ ಬೀಳುತ್ತಿತ್ತು. ಲ್ಯಾಬಿನ ಪಕ್ಕದ ಬಾತ್‌ರೂಮಿನಲ್ಲಿ ಸ್ಯಾಂಪಲ್ ಕೊಡಬೇಕು. ಒಳಗೆ ಹೋದವರು ನಲ್ಲಿ ತಿರುಗಿಸಿ ಬಿಡುತ್ತಿದ್ದರು, ಹೊರಗೆ ಯಾರಿಗೂ ಏನೂ ಕೇಳಿಸಬಾರದೆಂದು. ಒಬ್ಬ ಮಹಾಶಯ ಇಲ್ಲಿ ಆಗುವುದಿಲ್ಲವೆಂದು ಮನೆಯಿಂದ ಐಸ್ ಪೆಟ್ಟಿಗೆಯಲ್ಲಿಟ್ಟು ತಂದಿದ್ದ, ಅಷ್ಟೂ ಸತ್ತುಹೋಗಿದ್ದವು. ಮೈಶಾಖದಲ್ಲೇ ಇಟ್ಟು ಒಂದು ಗಂಟೆಯೊಳಗೆ ನೋಡಬೇಕಾದ ವಸ್ತು ಅದು. ಗಾಜಿನ ಮೇಲೆ ಕೊರೆದ ಸಣ್ಣ ಚೌಕಗಳಲ್ಲಿ ವೀರ್ಯಾಣುಗಳನ್ನು ಎಣಿಸಿ, ಗುಣಿಸಿ, ಒಂದು ಮಿಲಿಲೀಟರಿಗೆ ಇಷ್ಟು ಎಂದು ಬರೆಯುತ್ತೇವೆ. ಒಂದೂವರೆ ಕೋಟಿಗಿಂತ ಮೇಲಿದ್ದರೆ ಸರಿ, ಕೆಳಗಿದ್ದರೆ ಕಡಿಮೆ ಎಂದು ಸ್ಥೂಲವಾಗಿ ಲೆಕ್ಕ.

ಆ ವರ್ಷ ಬಂದ ಜೋಡಿಗಳಲ್ಲಿ ಸವಿತಾ ಮತ್ತು ಸಿದ್ದರಾಜು ಅವರದೂ ಒಂದು. ಚಿನಕುರಳಿ ಕಡೆಯ ಊರಿನವರು. ಮದುವೆಯಾಗಿ ಏಳು ವರ್ಷ, ಅವಳಿಗೆ ಮೂವತ್ತೊಂದು, ಅವನಿಗೆ ಮೂವತ್ತೈದು. ಸವಿತಾ ಗಟ್ಟಿ ದನಿಯ ಹೆಂಗಸು. ನಾನು ಬೈದರೆ ಹೆದರುವವಳಲ್ಲ. ಮೊದಲ ದಿನ ಗಂಡನನ್ನು ಬಾಗಿಲಲ್ಲಿ ನಿಲ್ಲಿಸಿ, "ಇಡ್ಕಂಡ್ ಬಂದಿವ್ನಿ ಸಾ, ಓಡೋಗ್ದಂಗೆ ನೋಡ್ಕಳಿ," ಎಂದಳು. ಸಿದ್ದರಾಜು ನೆಲ ನೋಡಿಕೊಂಡು ನಕ್ಕ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಎಣ್ಣೆ. ನಾನು ಫಾರಂ ತುಂಬುತ್ತಾ ಉದ್ಯೋಗ ಕೇಳಿದೆ. "ಯವಸಾಯ ಸಾ," ಎಂದ. ಮುಕ್ಕಾಲು ಎಕರೆ ಗದ್ದೆ, ಮಿಕ್ಕ ದಿನ ಕೂಲಿ. ವ್ಯವಸಾಯ ಎಂದು ಕಂಪ್ಯೂಟರಿನಲ್ಲಿ ಹಾಕಿದೆ. ಆ ದಿನದ ಮಟ್ಟಿಗೆ ಅದು ನಿಜವೇ ಆಗಿತ್ತು.

ಅವನ ಮೊದಲ ರಿಪೋರ್ಟು ಎರಡು ಕೋಟಿ ಇಪ್ಪತ್ತು ಲಕ್ಷ. ನಾರ್ಮಲ್. ಅದೇ ವಾರ ಸವಿತಾಳ ಗರ್ಭನಾಳದ ಎಕ್ಸ್‌ರೇ ಬಂತು. ಎರಡು ನಾಳಗಳಲ್ಲಿ ಒಂದು ಮುಚ್ಚಿಕೊಂಡಿತ್ತು. ಅಲ್ಲಿಗೆ ತೀರ್ಮಾನವಾಯಿತು. ಗಂಡ ಸರಿ, ಹೆಂಡತಿಯಲ್ಲಿ ದೋಷ. ಊರಲ್ಲಿ ಅತ್ತೆ ಮೊದಲೇ ಹೇಳುತ್ತಿದ್ದ ಮಾತಿಗೆ ನಮ್ಮ ಆಸ್ಪತ್ರೆಯ ಸೀಲು ಬಿತ್ತು. ಯಾರ ಮನೆಯ ಸೀಮಂತಕ್ಕೂ ತನ್ನನ್ನು ಕರೆಯುವುದಿಲ್ಲವೆಂದು ಒಮ್ಮೆ ರಕ್ತ ಕೊಡುತ್ತಾ ಸವಿತಾ ಹೇಳಿದಳು. "ಅಡುಗೆ ಮಾಡಾಕ್ ಕರೀತಾರೆ ಸಾ. ಮಡಿಲಿಗ್ ಅಕ್ಕಿ ಉಯ್ಯಾಕ್ ಕರ್ಯಾಕಿಲ್ಲ," ಎಂದು ನಕ್ಕಳು. ಆ ನಗುವನ್ನು ನೋಡಲಾಗದೆ ನಾನು ಟ್ಯೂಬಿನ ಮೇಲೆ ಹೆಸರು ಬರೆಯುವ ನೆಪದಲ್ಲಿ ತಲೆ ತಗ್ಗಿಸಿದೆ.

ನಮ್ಮ ಡಾಕ್ಟರಮ್ಮ ಐಯುಐ ಮಾಡೋಣ ಎಂದರು. ಗಂಡನ ವೀರ್ಯವನ್ನು ಲ್ಯಾಬಿನಲ್ಲಿ ತೊಳೆದು, ಒಳ್ಳೆಯ ವೀರ್ಯಾಣುಗಳನ್ನು ಆರಿಸಿ, ಸಣ್ಣ ನಳಿಕೆಯಿಂದ ನೇರವಾಗಿ ಗರ್ಭಕೋಶಕ್ಕೆ ಬಿಡುವ ವಿಧಾನ ಅದು. ಅದಕ್ಕೆ ಮೊದಲು ಅಂಡ ಬಲಿಯಲು ಹೆಂಡತಿಗೆ ಐದಾರು ದಿನ ಹೊಟ್ಟೆಗೆ ಇಂಜೆಕ್ಷನ್. ಇಂಜೆಕ್ಷನ್, ಸ್ಕ್ಯಾನಿಂಗ್ ಎಲ್ಲ ಸೇರಿ ಒಂದು ಸಲಕ್ಕೆ ಹತ್ತು ಸಾವಿರ ದಾಟುತ್ತಿತ್ತು. ಕೂಲಿ ಮಾಡುವವನಿಗೆ ಅದು ಸಣ್ಣ ಮೊತ್ತವಲ್ಲ. ಆದರೂ ಅವರು ಹತ್ತು ತಿಂಗಳ ಮೇಲೆ ದುಡ್ಡು ಹೊಂದಿಸಿಕೊಂಡೇ ಬಂದರು. ಹೇಗೆ ಹೊಂದಿಸಿದರು ಎಂದು ನಾನು ಕೇಳಲಿಲ್ಲ. ಕೇಳುವುದು ನನ್ನ ಕೆಲಸವಲ್ಲ ಅಂದುಕೊಂಡಿದ್ದೆ.

ಆ ಸಲದಿಂದ ಸವಿತಾ ಬರುವಾಗಲೆಲ್ಲ ನನ್ನ ಟೇಬಲ್ಲಿನ ಮೇಲೆ ಪೇಪರಿನಲ್ಲಿ ಸುತ್ತಿದ ನಾಲ್ಕು ಅಚ್ಚು ಬೆಲ್ಲ ಇಡತೊಡಗಿದಳು. ಹೊಂಬಣ್ಣದ, ಇನ್ನೂ ಒಳಗೆ ಬೆಚ್ಚಗಿದೆಯೇನೋ ಎನ್ನಿಸುವ ಬೆಲ್ಲ. "ಲಂಚ ಅಲ್ಲ ಕಣ್ ಸಾ, ಬೈಯೋದ್ ವಸಿ ಕಮ್ಮಿ ಮಾಡ್ಲಿ ಅಂತ," ಎನ್ನುತ್ತಿದ್ದಳು. ನನ್ನ ಹೆಂಡತಿ ಆ ಬೆಲ್ಲದಲ್ಲಿ ಮಾಡಿದ ಹುಗ್ಗಿಯನ್ನು ನಾನು ಎರಡು ಸಲ ಹಾಕಿಸಿಕೊಂಡು ತಿಂದಿದ್ದೇನೆ.

ಎರಡನೇ ರಿಪೋರ್ಟಿನಲ್ಲಿ ಸಿದ್ದರಾಜುವಿನ ಸಂಖ್ಯೆ ಒಂದು ಕೋಟಿ ನಲವತ್ತು ಲಕ್ಷ. ವೀರ್ಯಾಣುಗಳ ಸಂಖ್ಯೆ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಏರಿಳಿಯುವುದು ಇದ್ದದ್ದೇ. ನಾವು ಚಿಂತಿಸಲಿಲ್ಲ. ಮೊದಲ ಐಯುಐ ಫಲಿಸಲಿಲ್ಲ. ಏಳು ತಿಂಗಳ ಮೇಲೆ ಮೂರನೇ ರಿಪೋರ್ಟು, ತೊಂಬತ್ತು ಲಕ್ಷ. ಡಾಕ್ಟರಮ್ಮ ಅವನನ್ನು ಕೂರಿಸಿ ವಿಚಾರಿಸಿದರು. ಬೀಡಿ ಇಲ್ಲ, ಎಣ್ಣೆ ಇಲ್ಲ. ಸ್ಕ್ಯಾನಿನಲ್ಲೂ ಏನೂ ಇಲ್ಲ. ವಿಟಮಿನ್ ಮಾತ್ರೆ ಬರೆದರು. ಎರಡನೇ ಐಯುಐಯೂ ಫಲಿಸಲಿಲ್ಲ. ನಾಲ್ಕನೆಯದು ನಲವತ್ತು ಲಕ್ಷ. ಮೂರನೇ ಐಯುಐ ಕೂಡ ಹೋಯಿತು. ಐದನೇ ಸಲ ಚೌಕಗಳಲ್ಲಿ ಹುಡುಕಿ ಹುಡುಕಿ ಎಣಿಸಬೇಕಾಯಿತು: ಹನ್ನೆರಡು ಲಕ್ಷ. ಇದರಲ್ಲಿ ಐಯುಐ ಮಾಡಿ ಉಪಯೋಗವಿಲ್ಲವೆಂದು ಡಾಕ್ಟರಮ್ಮ ಕೈಚೆಲ್ಲಿ, ಮೈಸೂರಿಗೆ ಹೋಗಿ ಐವಿಎಫ್ ಮಾಡಿಸಿ ಎಂದರು. ಅಷ್ಟು ಹೊತ್ತಿಗೆ ಸವಿತಾ ಆರು ದಿನದ ಇಂಜೆಕ್ಷನ್ ತೆಗೆದುಕೊಂಡು ಆಗಿತ್ತು.

ಈ ಐದೂ ರಿಪೋರ್ಟುಗಳಲ್ಲಿ ಉದ್ಯೋಗದ ಕಾಲಂನಲ್ಲಿ ವ್ಯವಸಾಯ ಎಂದೇ ಇತ್ತು. ನಮ್ಮ ಕಂಪ್ಯೂಟರಿನಲ್ಲಿ ಹಳೆಯ ನಂಬರು ಒತ್ತಿದರೆ ಹೆಸರು, ಊರು, ವಯಸ್ಸು, ಉದ್ಯೋಗ ಎಲ್ಲ ತಾವಾಗಿ ಬಂದು ಕೂರುತ್ತಿದ್ದವು. ವಯಸ್ಸನ್ನು ಮಾತ್ರ ನಾನು ಬದಲಾಯಿಸುತ್ತಿದ್ದೆ. ಇನ್ನೊಂದು ಮಾತನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಮೂರನೆಯ ಸಲ ಡಬ್ಬಿ ಕೊಡಲು ಅವನು ಕೈ ಚಾಚಿದಾಗ ಮುಂಗೈಯ ಕೂದಲೆಲ್ಲ ಸುಟ್ಟು ಕೈ ಬೋಳಾಗಿರುವುದನ್ನು ನಾನು ಕಣ್ಣಾರೆ ನೋಡಿದ್ದೆ. ಕಂಡದ್ದನ್ನು ಕೇಳಲಿಲ್ಲ. ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು.

ಐದನೇ ರಿಪೋರ್ಟಿನ ಮೇಲೆ ಎರಡು ತಿಂಗಳು ಅವರ ಸುಳಿವಿಲ್ಲ. ಸಂಕ್ರಾಂತಿ ಹತ್ತಿರ ಬಂತು. ಎಳ್ಳು ಬೀರಲು ನನ್ನ ಹೆಂಡತಿಗೆ ಆ ಬೆಲ್ಲವೇ ಬೇಕು. ಅಂಗಡಿಯದು ಕಪ್ಪು, ಉಪ್ಪುಪ್ಪು ಎಂದು ಮೂತಿ ತಿರುವಿದಳು. ಭಾನುವಾರ ಬೆಳಿಗ್ಗೆ ಸ್ಕೂಟರ್ ಹತ್ತಿ ಸವಿತಾಳ ಊರಿಗೆ ಹೋದೆ. ಟೀ ಅಂಗಡಿಯಲ್ಲಿ ಒಳ್ಳೆ ಬೆಲ್ಲ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದೆ. ಅಂಗಡಿಯವನು, "ಸಿದ್ರಾಜು ಉರಿ ಆಕೋ ಆಲೆಮನೆಗೋಗಿ ಸಾ. ಅವನ್ ಉರಿ ಇಟ್ರೆ ಪಾಕ ಕೆಡಾಕಿಲ್ಲ," ಎಂದು ದಾರಿ ತೋರಿಸಿದ.

ಯಾವ ಸಿದ್ದರಾಜು ಎಂದು ಕೇಳದೆಯೇ ನಾನು ಸ್ಕೂಟರನ್ನು ಆ ದಾರಿಗೆ ತಿರುಗಿಸಿದೆ.

ಆಲೆಮನೆ ನೋಡದವರಿಗಾಗಿ ಹೇಳುತ್ತೇನೆ. ಕಬ್ಬಿನ ಹಾಲನ್ನು ದೊಡ್ಡ ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕುದಿಸಿ ಬೆಲ್ಲ ಮಾಡುವ ಜಾಗ. ಕೊಪ್ಪರಿಗೆ ನೆಲಮಟ್ಟದಲ್ಲಿದ್ದರೆ ಅದರ ಒಲೆಯ ಬಾಯಿ ಹಿಂದುಗಡೆ ಒಂದು ಗುಂಡಿಯಲ್ಲಿರುತ್ತದೆ. ಉರಿ ಹಾಕುವವನು ಆ ಗುಂಡಿಗಿಳಿದು, ಒಲೆಯ ಬಾಯಿಗೆ ಎದುರಾಗಿ ಕಾಲು ಅಗಲಿಸಿ ಕುಕ್ಕರುಗಾಲಿನಲ್ಲಿ ಕೂತು, ಒಣಗಿದ ಕಬ್ಬಿನ ಸಿಪ್ಪೆಯನ್ನು ಒಂದೇ ಸಮನೆ ಒಳಗೆ ತಳ್ಳುತ್ತಿರಬೇಕು. ಅಲ್ಲಿ ಕೂತವನಿಗೆ ಮಿಕ್ಕವರಿಗಿಂತ ಹೆಚ್ಚು ಕೂಲಿ, ಏಕೆಂದರೆ ಅಲ್ಲಿ ಕೂರಲು ಯಾರೂ ಒಪ್ಪುವುದಿಲ್ಲ. ಈಚೆಗೆ ಅದಕ್ಕೆಲ್ಲ ಉತ್ತರ ಪ್ರದೇಶದಿಂದ ಜನ ಬರುತ್ತಾರೆ. ಆ ಗುಂಡಿಯಲ್ಲಿ ಬನಿಯನ್ನು, ಮಡಚಿ ಕಟ್ಟಿದ ಪಂಚೆಯಲ್ಲಿ ಕೂತಿದ್ದವನು ನಮ್ಮ ಸಿದ್ದರಾಜು. ಮೇಲೆ ನಿಂತಿದ್ದ ನನ್ನ ಮುಖಕ್ಕೇ ಶಾಖ ಬಡಿಯುತ್ತಿತ್ತು. ಅವನು ನನ್ನನ್ನು ನೋಡಿ ಗಡಬಡಿಸಿ ಎದ್ದ.

"ಏನ್ ಸಾ, ಇಷ್ಟ್ ದೂರ?"

"ಎಷ್ಟು ಹೊತ್ತು ಕೂರ್ತೀಯಯ್ಯಾ ಇಲ್ಲಿ?" ಎಂದೆ.

"ಅತ್ತು ಅನ್ನೆಲ್ಡ್ ಗಂಟೆ ಸಾ. ಸೀಸನ್ನಲ್ಲಿ ಇನ್ನೂ ಎಚ್ಗೆ."

"ಎಷ್ಟು ವರ್ಷದಿಂದ?"

ಅವನು ಬೆವರು ಒರೆಸಿಕೊಂಡು ಯೋಚಿಸಿ ಹೇಳಿದ. "ನಿಮ್ ಆಸ್ಪತ್ರೆಗ್ ಬಂದಾಗಿಂದ. ಆ ಇಂಜೆಕ್ಸನ್ಗೆಲ್ಲ ಕೂಲಿ ಕಾಸು ಸಾಲಾಕಿಲ್ಲ ಅಂತ ಇದುನ್ ಇಡ್ಕಂಡೆ."

ನಾನು ಬೆಲ್ಲ ಕೊಳ್ಳದೆ ಹಿಂದಿರುಗಿದೆ. ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಒಂದು ಮೋರಿಯ ಮೇಲೆ ಬಹಳ ಹೊತ್ತು ಕೂತಿದ್ದೆ. ವೃಷಣಗಳನ್ನು ದೇಹ ಹೊರಗಿಟ್ಟಿರುವುದೇ ಅವುಗಳಿಗೆ ಮೈಶಾಖಕ್ಕಿಂತ ಎರಡು ಮೂರು ಡಿಗ್ರಿ ತಂಪು ಬೇಕೆಂದು. ಬಿಸಿ ಹತ್ತಿದರೆ ವೀರ್ಯಾಣು ಹುಟ್ಟುವುದು ಕುಗ್ಗುತ್ತದೆ. ಇದು ನಾನು ಡಿಪ್ಲೊಮಾದಲ್ಲಿ ಓದಿ, ಪಾಸಾಗಿ, ಸರ್ಟಿಫಿಕೇಟು ಗೋಡೆಗೆ ಹಾಕಿಕೊಂಡ ವಿಷಯ. ಹೆಂಡತಿಯ ಚಿಕಿತ್ಸೆಗೆ ಕಾಸು ಬೇಕೆಂದು ಆ ಮನುಷ್ಯ ಬೆಂಕಿಯ ಮುಂದೆ ಕೂತ. ಕೂತಷ್ಟೂ ಚಿಕಿತ್ಸೆ ಫಲಿಸುವ ದಾರಿ ಮುಚ್ಚುತ್ತಾ ಹೋಯಿತು. ಫಲಿಸದಷ್ಟೂ ಇನ್ನಷ್ಟು ಕಾಸು ಬೇಕಾಗಿ ಇನ್ನಷ್ಟು ಹೊತ್ತು ಕೂತ. ನಾನು ಅದನ್ನು ಕೂತಲ್ಲೇ ಎಣಿಸಿ, ಸಹಿ ಹಾಕಿ, ಅವನ ಕೈಗೇ ಕೊಡುತ್ತಾ ಬಂದಿದ್ದೆ. ನನ್ನ ಮೇಲೆ ನನಗೆ ಹೇಸಿಗೆಯಾಯಿತು.

ಮರುದಿನ ಡಾಕ್ಟರಮ್ಮನಿಗೆ ಹೇಳಿದೆ. ಅವರು ಐದೂ ರಿಪೋರ್ಟುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ನೋಡಿ, "ಅಯ್ಯೋ ದೇವರೇ," ಎಂದು ಕನ್ನಡಕ ತೆಗೆದಿಟ್ಟರು. ದಂಪತಿಗಳನ್ನು ಕರೆಸಿದೆವು. ಒಂದು ವೀರ್ಯಾಣು ಹುಟ್ಟಿ ಬಲಿಯಲು ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ, ಬೆಂಕಿ ಬಿಟ್ಟರೆ ಸಂಖ್ಯೆ ಮತ್ತೆ ಏರಬಹುದು, ಆರು ತಿಂಗಳು ಒಲೆಯ ಹತ್ತಿರ ಸುಳಿಯಬೇಡ ಎಂದು ಡಾಕ್ಟರಮ್ಮ ವಿವರಿಸಿದರು. ನಾನು, "ತಪ್ಪು ನನ್ನದು. ಪ್ರತಿ ಸಲ ಕೇಳಬೇಕಿತ್ತು, ಕೇಳಲಿಲ್ಲ," ಎಂದೆ.

"ನೀವ್ ಕೇಳ್ನಿಲ್ಲ, ನಾವ್ ಯೋಳ್ನಿಲ್ಲ. ಬುಡಿ ಸಾ," ಎಂದ ಸಿದ್ದರಾಜು.

ಸವಿತಾ ಬಿಡಲಿಲ್ಲ. ಸೆರಗಿನ ಮೇಲಿಂದ ಹೊಟ್ಟೆ ಮುಟ್ಟಿಕೊಂಡಳು. "ಅಂಗಾರೆ ನನ್ ಒಟ್ಟೆಗೆ ಅಷ್ಟ್ ಸೂಜಿ ಯಾಕ್ ಚುಚ್ಚುದ್ರಿ ಸಾ?" ಎಂದಳು.

ಅವಳಿಗೊಂದು ನಾಳ ಮುಚ್ಚಿದ್ದು ನಿಜ, ಇಂಜೆಕ್ಷನ್ ಪೂರ್ತಿ ವ್ಯರ್ಥವೆಂದು ಹೇಳಲಾಗದು ಎಂದೆಲ್ಲ ಡಾಕ್ಟರಮ್ಮ ಸಮಾಧಾನ ಮಾಡಿದರು. ಆ ಮಾತು ಸುಳ್ಳಲ್ಲ. ಆದರೆ ಅವಳು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಅವಳು ಆಮೇಲೆ ನನ್ನ ಕಡೆ ನೋಡದೆ ಎದ್ದುಹೋದಳು.

ಸಿದ್ದರಾಜು ಬೆಂಕಿ ಬಿಟ್ಟ. ಎರಡು ತಿಂಗಳಲ್ಲಿ ಲಾಕ್‌ಡೌನ್ ಬಂತು, ಬೇರೆ ಕೂಲಿಯೂ ನಿಂತಿತು. ಆ ವರ್ಷ ಶ್ರಾವಣದಲ್ಲಿ ಮಾಸ್ಕ್ ಹಾಕಿಕೊಂಡು ಬಂದು ಸ್ಯಾಂಪಲ್ ಕೊಟ್ಟ. ನಾನು ಎರಡು ಸಲ ಎಣಿಸಿದೆ. ಒಂದು ಕೋಟಿ ಅರವತ್ತು ಲಕ್ಷ. ಕುರ್ಚಿಯಿಂದ ಎದ್ದು ಓಡಿಹೋಗಿ ಡಾಕ್ಟರಮ್ಮನಿಗೆ ತೋರಿಸಿದೆ. ಆದರೆ ಅದೇ ದಿನ ಮಾಡಿದ ಸವಿತಾಳ ರಕ್ತ ಪರೀಕ್ಷೆಯಲ್ಲಿ ಅಂಡಾಶಯದಲ್ಲಿ ಉಳಿದಿರುವ ಅಂಡಗಳ ಪ್ರಮಾಣ ತೀರ ಕಡಿಮೆ ಬಂದಿತ್ತು. ಅವಳಿಗೀಗ ಮೂವತ್ತನಾಲ್ಕು. ಐಯುಐ ಮಾಡುತ್ತಾ ಕೂತರೆ ಅಂಡಗಳೇ ಉಳಿಯುವುದಿಲ್ಲ, ಬೇಗ ಐವಿಎಫ್ ಮಾಡಿಸಿ ಎಂದರು. ಮೈಸೂರಿನ ಸೆಂಟರಿನಲ್ಲಿ ವಿಚಾರಿಸಿದರೆ ಒಂದು ಲಕ್ಷ ಎಂಬತ್ತು ಸಾವಿರ, ಔಷಧಿ ಬೇರೆ.

"ಬೆಂಕಿ ಬುಟ್ರೆ ದುಡ್ಡಿಲ್ಲ. ಬೆಂಕಿ ಮುಂದೆ ಕುಂತ್ರೆ ಮಕ್ಕಳಾಗಾಕಿಲ್ಲ. ನಾನೇನ್ ಮಾಡ್ಲಿ ಸಾ, ನೀವೇ ಯೋಳಿ," ಎಂದು ಸಿದ್ದರಾಜು ನನ್ನೆದುರು ಕೈಮುಗಿದು ನಿಂತ. ಸಮಾಧಾನದ ಮಾತು ನನ್ನ ಬಾಯಿಗೆ ಬರುವುದಿಲ್ಲ. ಗೊತ್ತಿದ್ದ ಒಂದೇ ದಾರಿ ಹೇಳಿದೆ. ಈಗಿರುವ ಒಳ್ಳೆಯ ಸ್ಯಾಂಪಲನ್ನು ಮೈಸೂರಿನಲ್ಲಿ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಡಬಹುದು. ವರ್ಷಗಟ್ಟಲೆ ಕೆಡುವುದಿಲ್ಲ. ಆಮೇಲೆ ನೀನು ದುಡಿಯಲು ಹೋಗು. ಮರುವಾರ ನಾನೇ ರಜೆ ಹಾಕಿ ಅವರ ಜೊತೆ ಮೈಸೂರಿನ ಬಸ್ಸು ಹತ್ತಿದೆ. ಅವನ ಪಾಲನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟು ಬಂದ ಮೂರನೇ ದಿನ ಸಿದ್ದರಾಜು ಮತ್ತೆ ಗುಂಡಿಗಿಳಿದ.

ಹದಿನೆಂಟು ತಿಂಗಳು ಉರಿ ಹಾಕಿದ. ನಡುವೆ ಎರಡನೇ ಅಲೆ ಬಂದು ಮೈಸೂರಿನ ಸೆಂಟರು ಬಾಗಿಲು ಹಾಕಿತ್ತು. ಅವನದು ಹೆಪ್ಪುಗಟ್ಟಿ ಕಾಯುತ್ತಿತ್ತು, ಅವಳದು ಕಾಯುವಂತಿರಲಿಲ್ಲ. ಕೊನೆಗೂ ಐವಿಎಫ್ ಆದಾಗ ನಾಲ್ಕು ಅಂಡ ಸಿಕ್ಕವು, ಎರಡು ಭ್ರೂಣವಾದವು, ಎರಡನ್ನೂ ಗರ್ಭಕೋಶಕ್ಕೆ ಬಿಟ್ಟರು. ಹದಿನಾಲ್ಕು ದಿನದ ಮೇಲೆ ರಕ್ತ ಪರೀಕ್ಷೆ. ಅದನ್ನು ಮೈಸೂರಿನಲ್ಲಿ ಮಾಡಿಸದೆ ಸವಿತಾ ನಮ್ಮ ಲ್ಯಾಬಿಗೇ ಬಂದಳು. "ನೀವೇ ನೋಡಿ ಯೋಳಿ ಸಾ. ಬ್ಯಾರೆಯೋರ್ ಬಾಯಲ್ಲಿ ಕೇಳಾಕಿಲ್ಲ ನಾನು," ಎಂದಳು. ಎರಡು ವರ್ಷದ ಮೇಲೆ ಅವಳು ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು.

ರಕ್ತ ತೆಗೆದೆ. ಗರ್ಭ ನಿಂತಿದ್ದರೆ ಆ ದಿನಕ್ಕೆ ರಕ್ತದಲ್ಲಿ ಬಸಿರಿನ ಹಾರ್ಮೋನು ನೂರರ ಆಸುಪಾಸು ಇರಬೇಕು. ಐದಕ್ಕಿಂತ ಕಡಿಮೆ ಎಂದರೆ ಇಲ್ಲವೆಂದೇ ಅರ್ಥ. ಮಿಷನ್ನಿನ ಮೇಲೆ ಎರಡು ಎಂದು ಬಂತು. ಇನ್ನೊಮ್ಮೆ ಹಾಕಿದೆ. ಮತ್ತೆ ಎರಡೇ.

"ಎಷ್ಟ್ ಸಾ?"

"ಎರಡಮ್ಮ."

"ಎಷ್ಟಿರ್ಬೇಕಿತ್ತು?"

ಹೇಳಿದೆ. ಅವಳು ತಲೆಯಾಡಿಸಿದಳು. "ಅವ್ರುದ್ದು ಕೋಟಿ ಲೆಕ್ಕ. ನಂದು ನೋಡಿ, ಎಲ್ಡು," ಎಂದು ನಗಲು ಹೋಗಿ ಅಲ್ಲೇ ಸ್ಟೂಲಿನ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು. ನಾನೂ ಅತ್ತೆ. ಹೊರಗೆ ಕಾಯುತ್ತಿದ್ದವರಲ್ಲಿ ಯಾರೋ ಬಾಗಿಲು ತಟ್ಟಿದರು. ಅವತ್ತು ನಾನು ಯಾರಿಗೂ ಬೈಯಲಿಲ್ಲ. ಇನ್ನೊಮ್ಮೆ ಐವಿಎಫ್ ಮಾಡಿಸುವ ಶಕ್ತಿ ಅವರಿಗಿರಲಿಲ್ಲ. ಮೈಸೂರಿನಲ್ಲಿ ಇಟ್ಟಿದ್ದ ಪಾಲನ್ನು ತೆಗೆದುಹಾಕಬಹುದೆಂಬ ಕಾಗದಕ್ಕೆ ಸಿದ್ದರಾಜು ಹೆಬ್ಬೆಟ್ಟು ಒತ್ತಿಕೊಟ್ಟ.

ನಿವೃತ್ತಿಗೆ ಮೊದಲಿನ ಕೊನೆಯ ವರ್ಷಗಳಲ್ಲಿ ನಾನು ಉದ್ಯೋಗದ ಕಾಲಂ ತಾನಾಗಿ ತುಂಬದಂತೆ ಮಾಡಿಸಿದೆ. ಪ್ರತಿ ಸಲ ಹೊಸದಾಗಿ ಕೇಳುತ್ತಿದ್ದೆ. ಕೆಲಸ ಏನು ಎಂದಲ್ಲ. ಬೆಳಗಿನಿಂದ ಸಂಜೆತನಕ ಎಲ್ಲಿ ಕೂರುತ್ತೀರಿ, ಎಲ್ಲಿ ನಿಲ್ಲುತ್ತೀರಿ ಎಂದು. ವ್ಯವಸಾಯ, ವ್ಯಾಪಾರ, ಡ್ರೈವಿಂಗ್ ಎಂದು ಹೇಳಿದವರೊಳಗೆ ಯಾರ್ಯಾರೋ ಸಿಕ್ಕರು. ಬೇಕರಿ ಒಲೆಯ ಮುಂದೆ ಹದಿನೈದು ವರ್ಷ ನಿಂತ ಶ್ರೀರಂಗಪಟ್ಟಣದ ಸಾಹೇಬರು, ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ರೊಟ್ಟಿ ಸುಡುವವನು, ದಿನಕ್ಕೆ ಹದಿನಾಲ್ಕು ಗಂಟೆ ಲಾರಿಯ ಬಿಸಿ ಇಂಜಿನ್ನಿನ ಪಕ್ಕ ಕೂರುವವನು. ಮೈಕ್ರೋಸ್ಕೋಪಿನೊಳಗೆ ಕಾಣುವುದು ಮನುಷ್ಯನ ಒಂದು ಹನಿ. ಆ ಮನುಷ್ಯ ಇಡೀ ದಿನ ಏನು ಮಾಡುತ್ತಾನೆಂದು ಗೊತ್ತಿಲ್ಲದೆ ಆ ಹನಿಯ ಬಗ್ಗೆ ಸಹಿ ಹಾಕಬಾರದು. ಇಪ್ಪತ್ತೆಂಟು ವರ್ಷದ ಕೆಲಸ ನನಗೆ ಕಲಿಸಿದ್ದು ಇದು. ಕಲಿಕೆಯ ಬೆಲೆ ತೆತ್ತದ್ದು ಮಾತ್ರ ಸವಿತಾ.

ಕೆಲಸ ಬಿಡುವ ವಾರದಲ್ಲಿ ಅವಳು ಇನ್ನೊಮ್ಮೆ ಬಂದಳು. ಜೊತೆಯಲ್ಲಿ ಮೈದುನ, ಅವನ ಹೆಂಡತಿ. ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಿಲ್ಲವೆಂದು ಆ ಹುಡುಗಿಯನ್ನು ಎಕ್ಸ್‌ರೇಗೆ ಕರೆದುಕೊಂಡು ಹೋಗಲು ಮನೆಯಲ್ಲಿ ಹೇಳಿದ್ದರಂತೆ. ಹುಡುಗಿ ಹೆದರಿ ಸವಿತಾಳ ಕೈ ಗಟ್ಟಿಯಾಗಿ ಹಿಡಿದುಕೊಂಡಿತ್ತು. ನಾನು ಮೈದುನನಿಗೆ ಕೆಲಸ ಏನೆಂದು ಕೇಳಿದೆ.

"ಯವಸಾಯ ಸಾ," ಎಂದ.

"ಲೇ, ಸುಳ್ಳ್ ಯೋಳ್ಬ್ಯಾಡ ಕಣ್ಲಾ," ಎಂದು ಸವಿತಾ ಗದರಿದಳು. ಆಮೇಲೆ ನನ್ನ ಕಡೆ ತಿರುಗಿ ನಿಧಾನವಾಗಿ, ನಾನು ಬರೆದುಕೊಳ್ಳಲು ಬಿಡುವು ಕೊಡುತ್ತಾ ಹೇಳಿದಳು. "ಆಲೆಮನೆ. ಒಲೆ ಉರಿ. ದಿನಕ್ಕತ್ತು ಗಂಟೆ. ಅವ್ರಣ್ಣ ಬುಟ್ಟ್ ಜಾಗ್ದಲ್ಲೇ ಕುಂತವ್ನೆ. ಬರ್ಕಂಡ್ರಾ ಸಾ?"

ಬರೆದುಕೊಂಡೆ. ಮೊದಲು ಇವನ ಪರೀಕ್ಷೆ ಆಗಲಿ, ಮಿಕ್ಕಿದ್ದು ಆಮೇಲೆ ಎಂದು ಡಾಕ್ಟರಮ್ಮನ ಚೀಟಿಯ ಮೇಲೂ ಬರೆದೆ. ಸವಿತಾ ಅದನ್ನು ಇಸಿದುಕೊಂಡು ಒಮ್ಮೆ ಓದಿ ನೋಡಿದಳು. ಹುಡುಗಿಯ ಬೆನ್ನ ಮೇಲೆ ಕೈ ಹಾಕಿ ಬಾಗಿಲ ಕಡೆ ನಡೆಸಿದಳು.

"ಬಾ ತಾಯಿ," ಎಂದಳು. "ಇವತ್ ನಿಂಗೆ ಸೂಜಿ ಇಲ್ಲ."